ನೋವಿಲ್ಲದಿರುವಾಗಲೇ ದಂತವೈದ್ಯರ ಬಳಿಗೆ

ಪ್ರಾತಃಕಾಲದಲ್ಲಿ ಹಲ್ಲುಜ್ಜಿ, ಸ್ನಾನ ಮಾಡಿ, ವಿಭೂತಿ ಧರಿಸಿ ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳುವುದು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ನಿಯಮ. ಆದರೆ ಬಾಯಿ ಮುಕ್ಕಳಿಸಿ ಉಗುಳಿದ ನೀರಿನಲ್ಲಿ ರಕ್ತದ ಎಳೆ ಕಂಡರೆ ನಾವು ಅದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ‘ಉಷ್ಣ ಆಗಿರಬೇಕು’, ‘ಬ್ರಷ್ ಗಡುಸಾಗಿರಬೇಕು’ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡು ಮುಂದಿನ ಕೆಲಸಕ್ಕೆ ಹೋಗುತ್ತೇವೆ. ಕೈಬೆರಳಿನಿಂದ ದಿನವೂ ರಕ್ತ ಒಸರಿದ್ದರೆ ಹೀಗೆ ಸುಮ್ಮನಿರುತ್ತಿದ್ದೆವೇ?

ಹಚ್ಚೊಳ್ಳಿ ಸೀಮೆಯ ಹಳ್ಳಿಗಳಲ್ಲಿ ದಾಸೋಹದ ಪಂಕ್ತಿಯಲ್ಲಿ ಕುಳಿತಾಗ ನಾವು ಒಂದು ದೃಶ್ಯವನ್ನು ಮತ್ತೆ ಮತ್ತೆ ಕಾಣುತ್ತೇವೆ. ಅರವತ್ತರ ಆಸುಪಾಸಿನ ಹಿರಿಯರು ಜೋಳದ ರೊಟ್ಟಿಯನ್ನು ಮುರಿದು ಸಾರಿನಲ್ಲಿ ನೆನೆಯಿಟ್ಟು ಕಾಯುತ್ತಾರೆ. ಕಾಳುಪಲ್ಯವನ್ನು ಪಕ್ಕಕ್ಕೆ ಸರಿಸುತ್ತಾರೆ. ಕೇಳಿದರೆ, ‘ವಯಸ್ಸಾಯಿತಲ್ಲ, ಹಲ್ಲು ಹೋಗುವುದು ಸಹಜ’ ಎನ್ನುತ್ತಾರೆ. ಈ ಮಾತು ನಿಜವಲ್ಲ. ವಯಸ್ಸೊಂದೇ ಹಲ್ಲನ್ನು ಬೀಳಿಸುವುದಿಲ್ಲ. ಹಲವು ವರ್ಷ ಒಳಗೊಳಗೇ ಬೆಳೆದ ವಸಡಿನ ರೋಗ ಗಟ್ಟಿಮುಟ್ಟಾದ, ಹುಳುಕಿಲ್ಲದ ಹಲ್ಲನ್ನೂ ಬೀಳಿಸಬಲ್ಲದು.

ಈ ರೋಗದ ಬಗೆಯನ್ನು ತಿಳಿದುಕೊಳ್ಳುವುದು ಕಷ್ಟವಲ್ಲ. ಹಲ್ಲಿನ ಮೇಲೆ ಸೂಕ್ಷ್ಮಾಣುಗಳ ಅಂಟುಪದರವೊಂದು ದಿನವೂ ಕೂಡುತ್ತದೆ. ಉಜ್ಜಿ ತೆಗೆಯದೆ ಬಿಟ್ಟರೆ ಅದು ಕೆಲವೇ ದಿನಗಳಲ್ಲಿ ಗಟ್ಟಿಯಾಗಿ ಗಾರೆಯಂತಾಗುತ್ತದೆ. ಆ ಗಾರೆ ಬ್ರಷ್ಷಿಗಾಗಲಿ, ಬೇವಿನ ಕಡ್ಡಿಗಾಗಲಿ, ಉಪ್ಪುನೀರಿಗಾಗಲಿ ಬಿಡುವುದಿಲ್ಲ. ಮೊದಲು ವಸಡು ಕೆಂಪೇರಿ ಊದಿ ರಕ್ತ ಬರುತ್ತದೆ. ಈ ಹಂತದಲ್ಲಿ ಚಿಕಿತ್ಸೆ ದೊರೆತರೆ ವಸಡು ಪೂರ್ತಿ ಮೊದಲಿನಂತಾಗುತ್ತದೆ. ಅಲಕ್ಷಿಸಿದರೆ ಸೋಂಕು ಕೆಳಗಿಳಿದು ಹಲ್ಲನ್ನು ಹಿಡಿದಿರುವ ಎಲುಬನ್ನೇ ಕರಗಿಸುತ್ತದೆ. ಕರಗಿದ ಎಲುಬು ತಾನಾಗಿ ಮರಳಿ ಬೆಳೆಯದು. ಉಳಿದುದನ್ನು ಕಾಪಾಡಿಕೊಳ್ಳುವುದಷ್ಟೇ ಆಗ ಮುಖ್ಯವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯಂತೆ ಜಗತ್ತಿನಲ್ಲಿ ಸುಮಾರು 100 ಕೋಟಿ ಜನರಿಗೆ ಈ ರೋಗ ತೀವ್ರ ಸ್ವರೂಪದಲ್ಲಿದೆ.

ಇಷ್ಟೆಲ್ಲ ನಡೆಯುವಾಗಲೂ ಬಹುಪಾಲು ನೋವೇ ಇರುವುದಿಲ್ಲ. ನಮ್ಮ ಭಯದ ಮೂಲವೂ ಇಲ್ಲಿಯೇ ಇದೆ ಎಂಬುದು ನಮ್ಮ ಅಭಿಪ್ರಾಯ. ನೋವಿಲ್ಲವೆಂದು ನಾವು ದಂತವೈದ್ಯರ ಬಳಿಗೆ ಹೋಗುವುದಿಲ್ಲ. ಕೀವು ತುಂಬಿ, ಕೆನ್ನೆ ಊದಿ, ರಾತ್ರಿಯೆಲ್ಲ ನಿದ್ದೆಗೆಟ್ಟು, ಲವಂಗವೂ ಮಾತ್ರೆಯೂ ಸೋತ ಮೇಲೆ ಹೋಗುತ್ತೇವೆ. ಆಗ ಕೀಳುವುದೊಂದೇ ದಾರಿಯಾಗಿರುತ್ತದೆ. ಊರಿಗೆ ಮರಳಿ, ‘ಅಲ್ಲಿಗೆ ಹೋದರೆ ಹಲ್ಲು ಕೀಳುತ್ತಾರೆ’ ಎನ್ನುತ್ತೇವೆ. ಕೇಳಿದವರು ಹೆದರಿ ಇನ್ನಷ್ಟು ತಡಮಾಡುತ್ತಾರೆ. ಹೀಗೆ ಭಯದಿಂದ ವಿಳಂಬ, ವಿಳಂಬದಿಂದ ನೋವು, ನೋವಿನಿಂದ ಮತ್ತೆ ಭಯ. ಈ ಸುಳಿಯಿಂದ ಹೊರಬರಬೇಕಾದರೆ ನೋವಿಲ್ಲದಿರುವಾಗಲೇ ಒಮ್ಮೆ ಹೋಗಿಬರಬೇಕು.

ಭಯಕ್ಕೆ ಜೊತೆಯಾಗಿ ಕೆಲವು ತಪ್ಪು ನಂಬಿಕೆಗಳೂ ನಮ್ಮಲ್ಲಿ ಬೇರೂರಿವೆ. ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ ಎಂಬುದು ಅವುಗಳಲ್ಲೊಂದು; ಇದಕ್ಕೆ ಆಧಾರವಿಲ್ಲ. ‘ಕ್ಲೀನಿಂಗ್’ ಮಾಡಿಸಿದರೆ ಹಲ್ಲು ಸಡಿಲವಾಗುತ್ತವೆ ಎಂಬುದು ಇನ್ನೊಂದು. ಎಲುಬು ಕರಗಿ ಆಗಲೇ ಸಡಿಲಗೊಂಡ ಹಲ್ಲುಗಳನ್ನು ಗಾರೆ ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತದೆ. ಗಾರೆ ತೆಗೆದಾಗ ಸಂದುಗಳೂ ಸಡಿಲವೂ ಅರಿವಿಗೆ ಬರುತ್ತವೆ. ಸಡಿಲ ಮಾಡಿದ್ದು ಚಿಕಿತ್ಸೆಯಲ್ಲ, ರೋಗ. ಕೆಲವು ದಿನ ತಣ್ಣೀರು ಜುಮ್ಮೆನ್ನಬಹುದು. ಸಾಮಾನ್ಯವಾಗಿ ಅದು ತಾನಾಗಿ ಕಡಿಮೆಯಾಗುತ್ತದೆ. ಬೇರಿನ ಆಳದವರೆಗೆ ಶುಚಿಮಾಡಬೇಕಾದಾಗ ಮರಗಟ್ಟಿಸುವ ಚುಚ್ಚುಮದ್ದು ಕೊಡುತ್ತಾರೆ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಲಿಡೊಕೇನ್ ಎಂಬ ಔಷಧ 1943ರಲ್ಲಿ ಸ್ವೀಡನ್ನಿನಲ್ಲಿ ಸಿದ್ಧವಾಯಿತು. ಅದಕ್ಕೂ ಹಿಂದಿನ ಕಾಲದ ಯಾತನೆಯ ಕಥೆಗಳನ್ನು ಕೇಳಿ ಇಂದಿಗೂ ಹೆದರುವುದು ಉಚಿತವಲ್ಲ.

ಹೆದರಿಕೆ ಇದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ‘ಕೈ ಎತ್ತಿದರೆ ನಿಲ್ಲಿಸಿರಿ’ ಎಂದು ಮಾತಾಡಿಕೊಳ್ಳಬಹುದು. ಮೊದಲ ದಿನ ತೋರಿಸಿಕೊಂಡು ಮಾತ್ರ ಬರಬಹುದು. ಆಪ್ತರೊಬ್ಬರನ್ನು ಜೊತೆಗೆ ಕರೆದೊಯ್ಯಬಹುದು. ಸಕ್ಕರೆ ಕಾಯಿಲೆ, ಹೃದ್ರೋಗ, ಗರ್ಭಧಾರಣೆ, ರಕ್ತ ತೆಳುವಾಗಿಸುವ ಮಾತ್ರೆ ಇವುಗಳ ವಿಷಯವನ್ನು ಮರೆಮಾಚಬಾರದು. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಲೂಬಾರದು.

ಸಕ್ಕರೆ ಕಾಯಿಲೆಯುಳ್ಳವರು ವಿಶೇಷವಾಗಿ ಎಚ್ಚರ ವಹಿಸಬೇಕು. ರಕ್ತದಲ್ಲಿ ಸಕ್ಕರೆ ಏರಿದರೆ ವಸಡಿನ ರೋಗ ಉಲ್ಬಣಿಸುತ್ತದೆ. ವಸಡಿನ ಸೋಂಕು ಸಕ್ಕರೆಯನ್ನು ಹತೋಟಿಗೆ ಬಾರದಂತೆ ಮಾಡುತ್ತದೆ. ತಂಬಾಕಿನದು ಇನ್ನೊಂದು ಕಪಟ. ಬೀಡಿ, ಸಿಗರೇಟು ಸೇದುವವರಲ್ಲಿ ವಸಡಿನ ರಕ್ತಸ್ರಾವ ಕಡಿಮೆಯಾಗುವುದರಿಂದ ರೋಗ ಮುಚ್ಚಿಹೋಗುತ್ತದೆ. ಕಡ್ಡಿಪುಡಿ, ಗುಟ್ಕಾಗಳು ವಸಡನ್ನು ಕೆಡಿಸುವುದರ ಜೊತೆಗೆ ಬಾಯಿಯ ಕ್ಯಾನ್ಸರಿಗೂ ದಾರಿಮಾಡುತ್ತವೆ. ಹೊಲದ ಕೆಲಸದ ನಡುವೆ ಹುಮ್ಮಸ್ಸಿಗೆಂದು ದವಡೆಯಲ್ಲಿಟ್ಟುಕೊಳ್ಳುವ ಚಿಟಿಕೆ ಪುಡಿಯ ಬೆಲೆ ಬಹಳ ದುಬಾರಿ.

ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ ಸಹಜ. ಸಿರುಗುಪ್ಪದ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಬಹುದು. ಹೆಚ್ಚಿನ ಚಿಕಿತ್ಸೆ ಬೇಕಾದರೆ ಬಳ್ಳಾರಿಯಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ನಾಟಿ, ಕೊಯ್ಲುಗಳ ನಡುವೆ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತುವುದು ಸುಲಭವಲ್ಲವೆಂಬುದನ್ನು ನಾವು ಬಲ್ಲೆವು. ಆದರೆ ರೋಗ ಬಲಿತ ಮೇಲೆ ಓಡಾಡುವ ದಿನಗಳೂ ಖರ್ಚೂ ಅದಕ್ಕಿಂತ ಬಹಳ ಹೆಚ್ಚು.

ಮಠಗಳು ಈ ಕ್ಷೇತ್ರಕ್ಕೆ ಹೊಸಬರಲ್ಲ. ಮೈಸೂರಿನ ಜೆಎಸ್‌ಎಸ್ ದಂತ ವೈದ್ಯಕೀಯ ಕಾಲೇಜು ಸುತ್ತೂರು ಮಠದ ಆಶ್ರಯದಲ್ಲಿ ಬೆಳೆದದ್ದು. ಚಿತ್ರದುರ್ಗದಲ್ಲಿ ಮುರುಘಾಮಠದ ಪರಂಪರೆಯ ದಂತ ಕಾಲೇಜಿದೆ. ಹಳ್ಳಿಗಳಲ್ಲಿ ನಾವು ಮಾಡಬೇಕಾದುದು ಚಿಕ್ಕದು. ಜಾತ್ರೆಯ ಆರೋಗ್ಯ ಶಿಬಿರಗಳು ಹಲ್ಲು ಕೀಳುವುದಕ್ಕೇ ನಿಲ್ಲದೆ, ವಸಡು ಪರೀಕ್ಷಿಸಿ ಶುಚಿಗೊಳಿಸುವುದನ್ನೂ ಒಳಗೊಳ್ಳಲಿ. ಮಾಸಿಕ ಶಿವಾನುಭವ ಗೋಷ್ಠಿಯ ಕೊನೆಗೆ ಹತ್ತು ನಿಮಿಷ ಈ ವಿಷಯಕ್ಕೆ ಮೀಸಲಿರಲಿ. ಆಸ್ಪತ್ರೆಗೆ ಹೋಗಿಬಂದವರು ಅಲ್ಲಿ ಎದ್ದುನಿಂತು ತಮ್ಮ ಅನುಭವ ಹೇಳಲಿ. ಹೆದರಿದವರಿಗೆ ವೈದ್ಯರ ಮಾತಿಗಿಂತ ನೆರೆಮನೆಯವರ ಮಾತು ಬೇಗ ತಾಗುತ್ತದೆ.

ಶರಣರು ದೇಹವನ್ನು ಹೀನವೆಂದು ಕಾಣಲಿಲ್ಲ. ಕಾಯಕಕ್ಕೂ ಪೂಜೆಗೂ ಅದೇ ಸಾಧನವೆಂದು ಗೌರವಿಸಿದರು. ದಿನಕ್ಕೆರಡು ಬಾರಿ ಮೃದುವಾದ ಬ್ರಷ್ಷಿನಿಂದ ಎರಡು ನಿಮಿಷ ಹಲ್ಲುಜ್ಜುವುದೂ ಆ ಗೌರವದ ಭಾಗವೇ. ನಾಳೆ ಬೆಳಿಗ್ಗೆ ಉಗುಳಿದ ನೀರನ್ನು ಒಮ್ಮೆ ನೋಡಿರಿ. ಕೆಂಪು ಕಂಡರೆ ಇದೇ ತಿಂಗಳು ವೈದ್ಯರಿಗೆ ತೋರಿಸಿರಿ. ಮನೆಯಲ್ಲಿ ರೊಟ್ಟಿ ನೆನೆಯಿಟ್ಟು ಉಣ್ಣುವ ಹಿರಿಯರಿದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿರಿ.