ಫ್ಯೂಜ್ ಐತಲ್ಲ, ಮತ್ತ್ಯಾಕ ರಿಲೇ?

ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯ ನಮ್ಮ ಊರುಗಳಲ್ಲಿ ಕಬ್ಬು ನಿಂತಿರೋದೇ ಮೋಟರ್ ಮೇಲೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲೇ ಹೋಗಿ, ರಿವೈಂಡಿಂಗ್ ಅಂಗಡಿ ಹುಡುಕೋದು ಕಷ್ಟ ಅಲ್ಲ. ಬ್ಯಾಸಗಿಯಲ್ಲಿ ಕಾಯಿಲ್ ಸುಟ್ಟರೆ ರಿವೈಂಡಿಂಗ್ ಖರ್ಚು ಒಂದು ಕಡೆ, ಮೋಟರ್ ವಾಪಸ್ ಬರೋವರೆಗೆ ಒಣಗೋ ಬೆಳೆ ಇನ್ನೊಂದು ಕಡೆ.

ಸುಟ್ಟ ಮೇಲೆ ಎಲ್ಲರೂ ಕೇಳೋ ಮಾತು ಒಂದೇ: "ಫ್ಯೂಜ್ ಇತ್ತಲ್ರೀ, ಹೆಂಗ ಸುಟ್ಟಿತು?" ನಮ್ಮ ಪ್ರಕಾರ ತಪ್ಪು ತಿಳುವಳಿಕೆ ಶುರುವಾಗೋದೇ ಇಲ್ಲಿ. ಫ್ಯೂಜ್ ಇರೋದು ಶಾರ್ಟ್ ಸರ್ಕಿಟ್‌ಗೆ. ಮೋಟರ್ ಶುರುವಾಗುವಾಗ ಆರೇಳು ಪಟ್ಟು ಕರೆಂಟ್ ಎಳೆಯುತ್ತೆ, ಅದನ್ನ ತಡ್ಕೊಳ್ಳೋಕೆ ಫ್ಯೂಜ್ ದಪ್ಪ ಇರಲೇಬೇಕು. ಹಂಗಾಗಿ ಅದು ಸಣ್ಣ ಓವರ್‌ಲೋಡ್ ನೋಡೋದೇ ಇಲ್ಲ.

ಲೆಕ್ಕ ಹಾಕಿ ನೋಡಿ. 7.5 ಎಚ್‌ಪಿ ಮೋಟರ್ ಫುಲ್ ಲೋಡ್‌ನಲ್ಲಿ ಸುಮಾರು 11 ಆಂಪಿಯರ್ ಎಳೆಯುತ್ತೆ. ಓಡ್ತಾ ಇರುವಾಗ ಒಂದು ಫೇಸ್ ಹೋದ್ರೆ ಉಳಿದ ಎರಡರಲ್ಲಿ ಅದು ಸುಮಾರು 1.73 ಪಟ್ಟು, ಅಂದ್ರೆ 19 ಆಂಪಿಯರ್ ಆಗುತ್ತೆ. ಕಿಟ್‌ಕ್ಯಾಟ್‌ಗೆ ಕೇಬಲ್‌ನಿಂದ ಕಿತ್ತು ಸುತ್ತಿದ 1 ಎಂಎಂ ತಾಮ್ರದ ತಂತಿ ಕರಗೋಕೆ ಬೇಕಾಗೋದು ಸುಮಾರು 80 ಆಂಪಿಯರ್! ಕಾಯಿಲ್ ಕರಕಲಾದ್ರೂ ತಂತಿ ಗಟ್ಟಿಯಾಗೇ ಇರುತ್ತೆ. ಇನ್ನೊಂದು ತಮಾಷೆ ಅಂದ್ರೆ, ಮೂರರಲ್ಲಿ ಒಂದೇ ಫ್ಯೂಜ್ ಹೋದಾಗ ಮೋಟರ್‌ನ ಎರಡು ಫೇಸ್ ಮೇಲೆ ಓಡಿಸೋದೂ ಆ ಫ್ಯೂಜೇ.

ಓವರ್‌ಲೋಡ್ ನೋಡ್ಕೊಳ್ಳೋದು ಸ್ಟಾರ್ಟರ್ ಒಳಗಿನ ರಿಲೇ. ಅದರ ಡಯಲ್ ಎಲ್ಲಿಡಬೇಕು ಅನ್ನೋದು ಮೋಟರ್‌ನ ನೇಮ್‌ಪ್ಲೇಟ್ ಮೇಲೇ ಬರೆದಿರುತ್ತೆ. ಡಿಒಎಲ್ ಸ್ಟಾರ್ಟರ್ ಆದ್ರೆ ಅಲ್ಲಿರೋ ಆಂಪಿಯರ್‌ಗೇ ಇಡಬೇಕು. ಸ್ಟಾರ್-ಡೆಲ್ಟಾದಲ್ಲಿ ರಿಲೇ ಸಾಮಾನ್ಯವಾಗಿ ಕಾಯಿಲ್‌ನ ಸಾಲಲ್ಲಿ ಇರುತ್ತೆ, ಅಲ್ಲಿ ಶೇಕಡಾ 58 ಮಾತ್ರ. 15 ಎಚ್‌ಪಿ ಮೋಟರ್ ಮೇಲೆ 21 ಅಂತ ಇದ್ರೆ ಡಯಲ್ 12ಕ್ಕೆ. ಪ್ಲೇಟ್ ನೋಡಿ 21ಕ್ಕೇ ಇಟ್ಟರೆ, ಲೈನ್‌ನಲ್ಲಿ 36 ಆಂಪಿಯರ್ ದಾಟೋವರೆಗೆ ರಿಲೇ ಸುಮ್ಮನೆ ಕೂತಿರುತ್ತೆ.

"ಟ್ರಿಪ್ ಆಗೂದು ಕಿರಿಕಿರಿ, ಫುಲ್ ಇಟ್ಟಬಿಡ್ರಿ" ಅನ್ನೋ ರೈತರನ್ನ ದಡ್ಡರು ಅನ್ನೋಕೆ ನಾವು ತಯಾರಿಲ್ಲ. ತ್ರೀ ಫೇಸ್ ಬರೋದೇ ಕೆಲವು ತಾಸು, ಅದೂ ಎಷ್ಟೋ ಸಲ ರಾತ್ರಿ. ಲೈನ್‌ನ ಕೊನೆಯಲ್ಲಿ ವೋಲ್ಟೇಜ್ ಬಿದ್ದಾಗ ಅಷ್ಟೇ ನೀರೆತ್ತೋಕೆ ಮೋಟರ್ ಹೆಚ್ಚು ಕರೆಂಟ್ ಎಳೆಯುತ್ತೆ, ರಿಲೇ ಬೀಳುತ್ತೆ, ಆ ರಾತ್ರಿ ನೀರು ಹೋತು. ವೋಲ್ಟೇಜ್ ಸರಿ ಕೊಡೋದು ರೈತರ ಕೈಲಿ ಇಲ್ಲ, ಅದು ಸರಬರಾಜು ಮಾಡೋರ ಜವಾಬ್ದಾರಿ. ಆದ್ರೆ ಡಯಲ್ ತಿರುಗಿಸಿದ್ರೆ ವೋಲ್ಟೇಜ್ ಏರಲ್ಲ, ಕಾಯಿಲ್ ಬಿಸಿನೂ ಇಳಿಯಲ್ಲ. ಫೇಸ್ ಹೋದ್ರೆ, ವೋಲ್ಟೇಜ್ ಇಳಿದ್ರೆ ತಾನೇ ನಿಲ್ಲಿಸೋ ಪ್ರಿವೆಂಟರ್ ಹಾಕ್ಸೋದು ಒಂದು ರಿವೈಂಡಿಂಗ್‌ಗಿಂತ ಅಗ್ಗ.

ಇನ್ನು ನಮ್ಮಂಥ ಎಂಜಿನಿಯರಿಂಗ್ ಹುಡುಗ-ಹುಡುಗಿಯರು? ಇಂಡಕ್ಷನ್ ಮೋಟರ್‌ನ ಸರ್ಕಲ್ ಡಯಾಗ್ರಾಂ ಹತ್ತು ಮಾರ್ಕ್ಸ್‌ಗೆ ಬರೀತೀವಿ, ರಿಲೇ ಡಯಲ್ ತಿರುಗಿಸೋ ಪ್ರಾಕ್ಟಿಕಲ್ ಮಾತ್ರ ಲ್ಯಾಬ್‌ನಲ್ಲಿಲ್ಲ. ಅದನ್ನ ಸೇರಿಸಿ ಅಂತ ನಮ್ಮ ಡಿಪಾರ್ಟ್‌ಮೆಂಟ್‌ನ ಕೇಳ್ತಿದ್ದೀವಿ. ಅಲ್ಲಿವರೆಗೆ, ಈ ರಜೆಗೆ ಊರಿಗೆ ಹೋದಾಗ ಮನೆ ಸ್ಟಾರ್ಟರ್ ಒಳಗೆ ಕೈ ಹಾಕೋಕೆ ಹೋಗಬೇಡಿ. ಮೋಟರ್ ಪ್ಲೇಟ್‌ನ ಆಂಪಿಯರ್ ಬರ್ಕೊಂಡು, ಮೇನ್ ಬಂದ್ ಮಾಡಿಸಿ, ಮೆಕ್ಯಾನಿಕ್ ಕಾಕಾ ಜೊತೆ ಕೂತು ಡಯಲ್ ಎಷ್ಟಕ್ಕಿದೆ ನೋಡಿ. ಸರಿಯಾದ ನಂಬರ್‌ನ ಸ್ಟಾರ್ಟರ್ ಮುಚ್ಚಳದ ಒಳಗೆ ಕನ್ನಡದಲ್ಲೇ ಬರೆದಿಡಿ.