ಟ್ಯಾಂಕರಿಗೆ ಹತ್ತು ಕಾಳು ರಾಗಿ

ಸಿರಾ ತಾಲ್ಲೂಕಿನ ಹುಲಿಕುಂಟೆ ಹೋಬಳಿಯ ಒಂದು ಹಳ್ಳಿ. ಅರಳಿಕಟ್ಟೆಯ ಮೇಲೆ ಐವರು ಹೆಂಗಸರು ಕೂತು ಬೆರಳುದ್ದದ ಗಾಜಿನ ಕೊಳವೆಯೊಂದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಕೊಳವೆಯಲ್ಲಿ ಊರ ಬೋರ್‌ವೆಲ್ ನೀರು. ಅದಕ್ಕೆ ಒಂದು ಚಿಟಿಕೆ ಪುಡಿ ಹಾಕಿ ಅಲ್ಲಾಡಿಸಿಟ್ಟು ಕೆಲವು ನಿಮಿಷ ಆಗಿತ್ತು. ನೀರು ಮೊದಲು ಕೆನ್ನೆಯಷ್ಟು ಕೆಂಪಾಯಿತು, ಆಮೇಲೆ ಕಾಶಿಕಣಗಿಲೆ ಹೂವಿನ ಬಣ್ಣಕ್ಕೆ ತಿರುಗಿ ಅಲ್ಲೇ ನಿಂತಿತು. ಪಕ್ಕದಲ್ಲಿದ್ದ ಬಣ್ಣದ ಚೀಟಿಗೆ ಹಿಡಿದು ನೋಡಿದ ಒಬ್ಬಾಕೆ, ‘ಏನಕ್ಕಾ ಇದು, ಕುಂಕುಮದ ನೀರಾಗೋಯ್ತಲ್ಲ’ ಅಂದಳು. ಜಲ ಜೀವನ್ ಮಿಷನ್ 2019ರಲ್ಲಿ ಶುರುವಾದ ಮೇಲೆ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷೆ ಕಲಿಸಬೇಕೆಂದು ನಿಯಮ ಮಾಡಿದ್ದಾರೆ. ಅವತ್ತು ನಡೆದದ್ದು ಅಂಥ ತರಬೇತಿ. ನಾನು ಬೇರೆ ಕೆಲಸಕ್ಕೆ ಹೋಗಿದ್ದವನು, ಆ ಗುಲಾಬಿ ಬಣ್ಣ ನೋಡಿ ಅಲ್ಲೇ ಕೂತುಬಿಟ್ಟೆ.

ಆ ಬಣ್ಣವನ್ನು ನಾನು ಓದಿನಲ್ಲಿ ಬಲ್ಲೆ. ಅರಬ್ಬಿ ಸಮುದ್ರದ ನಡುವೆ ‘ಸಾಗರ ಕನ್ಯಾ’ದಂಥ ಸಂಶೋಧನಾ ಹಡಗಿನ ಪ್ರಯೋಗಶಾಲೆಯಲ್ಲಿ, ಮುನ್ನೂರು ಮೀಟರ್ ಆಳದಿಂದ ಎತ್ತಿದ ನೀರಿನಲ್ಲಿ ಮೂಡುವುದೂ ಇದೇ ಬಣ್ಣ. ಹಿಂದಿರುವ ರಸಾಯನವೂ ಒಂದೇ. ಕಂಡುಹಿಡಿದವನು ಯೋಹಾನ್ ಪೀಟರ್ ಗ್ರೀಸ್ ಎಂಬ ಜರ್ಮನ್. ಇಂಗ್ಲೆಂಡಿನ ಬರ್ಟನ್ ಊರಿನ ಬಿಯರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ರಸಾಯನ ಪಂಡಿತ. ನೀರಿನಲ್ಲಿರುವ ನೈಟ್ರೈಟನ್ನು ಹೀಗೆ ಬಣ್ಣದಿಂದ ಹಿಡಿಯಬಹುದೆಂದು ಅವನು ತೋರಿಸಿದ್ದು 1879ರಲ್ಲಿ. ನೈಟ್ರೇಟ್ ಮಾತ್ರ ನೇರವಾಗಿ ಬಣ್ಣ ಕೊಡುವುದಿಲ್ಲ. ಅದರಿಂದ ಒಂದು ಆಮ್ಲಜನಕ ಕಿತ್ತು ನೈಟ್ರೈಟ್ ಮಾಡಿಕೊಳ್ಳಬೇಕು. ಹಡಗಿನಲ್ಲಿ ಆ ಕೆಲಸಕ್ಕೆ ತಾಮ್ರ ಲೇಪಿಸಿದ ಕ್ಯಾಡ್ಮಿಯಂ ತುಂಬಿದ ಕೊಳವೆ, ಹಳ್ಳಿಯ ಕಿಟ್ಟುಗಳಲ್ಲಿ ಸಾಮಾನ್ಯವಾಗಿ ಸತುವಿನ ಪುಡಿ. ಉಳಿದದ್ದೆಲ್ಲ ಒಂದೇ ಅಡುಗೆ.

ಹುಲಿಕುಂಟೆಯ ಕುಂಟೆ ಅಂದರೆ ಕೆರೆಗಿಂತ ಚಿಕ್ಕದು, ದನ ಇಳಿದು ಕುಡಿದು ಹತ್ತುವಷ್ಟು ನೀರು. ಹೆಸರಿನಲ್ಲೇ ನೀರಿಟ್ಟುಕೊಂಡ ಇಂಥ ಸೀಮೆಯಿಂದ ನೇರ ಗೆರೆ ಎಳೆದರೂ ಪಡುವಣ ಕಡಲು ಇನ್ನೂರು ಕಿಲೋಮೀಟರಿನ ಆಚೆ, ಮೂಡಣ ಕಡಲು ಮುನ್ನೂರರ ಆಚೆ. ಹಾಗಿದ್ದೂ ಈ ವಾರ ಕಡಲ ನೀರಿನ ಮಾತು ಎತ್ತಿದ್ದೇನೆ. ಕಾರಣ ಒಂದು ಲೆಕ್ಕ.

ನಮ್ಮ ದೇಶದ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಐದು ಸಾವಿರ ಲೀಟರಿನ ಟ್ರಾಕ್ಟರ್ ಟ್ಯಾಂಕರಿಗೆ ಲೆಕ್ಕ ಹಾಕಿ: 225 ಗ್ರಾಂ, ಕಾಲು ಕೆಜಿಗೆ ತುಸು ಕಮ್ಮಿ. ಅಷ್ಟರ ತನಕ ಕುಡಿಯಬಹುದು. ಅದೇ ಟ್ಯಾಂಕರಿಗೆ ಬೇಸಗೆಯಲ್ಲಿ ನಡುಗಡಲಿನ ಮೇಲ್ನೀರು ತುಂಬಿಸಿದರೆ ಅದರಲ್ಲಿ ಸಿಗುವ ನೈಟ್ರೇಟ್ ಸುಮಾರು ಮೂವತ್ತು ಮಿಲಿಗ್ರಾಂ, ಅನೇಕ ಸಲ ಅಷ್ಟೂ ಇಲ್ಲ. ರಾಗಿಯ ಹತ್ತು ಹನ್ನೊಂದು ಕಾಳಿನ ತೂಕ. ಕಡಲಲ್ಲಿ ಅತಿ ಹೆಚ್ಚು ನೈಟ್ರೇಟ್ ಇರುವ ಆಳದ ನೀರನ್ನೇ ತಂದರೂ ನಮ್ಮ ಮಿತಿಯ ಸುಮಾರು ಹದಿನಾರರಲ್ಲಿ ಒಂದು ಪಾಲು. ಐದು ಸಾವಿರ ಲೀಟರಿನಲ್ಲಿ ಹತ್ತು ಕಾಳು ರಾಗಿ ಎಣಿಸಬೇಕು, ಎಣಿಕೆಯಲ್ಲಿ ಒಂದು ಕಾಳೂ ತಪ್ಪಬಾರದು: ಸಂಶೋಧನಾ ಹಡಗಿನ ರಸಾಯನಶಾಸ್ತ್ರಿಯ ಕಸುಬು ಇದು.

ಅಷ್ಟು ಸಣ್ಣದನ್ನು ಎಣಿಸಿ ಏನಾಗಬೇಕು ಅಂತ ಕೇಳಬಹುದು. ಆ ಹತ್ತು ಕಾಳಿನ ಮೇಲೇ ಕಡಲ ಬೇಸಾಯ ನಡೆಯುವುದು. ಬಿಸಿಲು ಬೀಳುವ ಮೇಲ್ಪದರದಲ್ಲಿ ಕಣ್ಣಿಗೆ ಕಾಣದ ಪಾಚಿಜೀವಿಗಳು ನೈಟ್ರೇಟ್, ಫಾಸ್ಫೇಟ್, ಸಿಲಿಕೇಟುಗಳನ್ನು ಸಿಕ್ಕ ಸಿಕ್ಕ ಹಾಗೆ ತಿಂದು ಮುಗಿಸಿರುತ್ತವೆ. ಸತ್ತ ಮೇಲೆ ಅವು ಕೆಳಕ್ಕೆ ಇಳಿದು ಕೊಳೆತು ಗೊಬ್ಬರವಾಗುವುದು ಆಳದ ಕತ್ತಲಲ್ಲಿ. ಹೊಲ ಮೇಲೆ, ತಿಪ್ಪೆ ಕೆಳಗೆ. ತಿಪ್ಪೆಯ ಗೊಬ್ಬರವನ್ನು ಹೊಲಕ್ಕೆ ಹೊರುವ ಗಾಡಿ ಅಂದರೆ ಗಾಳಿ. ಮುಂಗಾರಿನಲ್ಲಿ ನಮ್ಮ ಕರಾವಳಿಯುದ್ದಕ್ಕೂ ಆಳದ ತಣ್ಣೀರು ಮೇಲೇಳುತ್ತದೆ. ಬೂತಾಯಿ, ಬಂಗುಡೆಯ ಸುಗ್ಗಿಯ ಬೇರು ಅಲ್ಲಿದೆ. ಆಲ್ಫ್ರೆಡ್ ರೆಡ್‌ಫೀಲ್ಡ್ ಎಂಬ ಅಮೆರಿಕದ ವಿಜ್ಞಾನಿ 1934ರಲ್ಲಿ ಇನ್ನೂ ವಿಚಿತ್ರವಾದ ಸಂಗತಿಯೊಂದನ್ನು ಗಮನಕ್ಕೆ ತಂದ. ಕಡಲ ತೇಲುಜೀವಿಗಳ ಮೈಯಲ್ಲೂ ಆಳದ ನೀರಿನಲ್ಲೂ ಸಾರಜನಕ ಮತ್ತು ರಂಜಕಗಳ ಪ್ರಮಾಣ ಹೆಚ್ಚುಕಡಿಮೆ ಒಂದೇ. ಇವತ್ತು ಅದನ್ನು ಪರಮಾಣು ಲೆಕ್ಕದಲ್ಲಿ ಹದಿನಾರಕ್ಕೆ ಒಂದು ಎನ್ನುತ್ತಾರೆ. ನಾವು ಗೊಬ್ಬರದ ಅಂಗಡಿಯಲ್ಲಿ ‘ಹದಿನೇಳು ಹದಿನೇಳು ಹದಿನೇಳು ಕೊಡಪ್ಪ’ ಅಂತ ಕೇಳುತ್ತೇವಲ್ಲ, ಕಡಲ ಮೂಟೆಯ ಮೇಲೂ ಹಾಗೊಂದು ಅಂಕಿ ಅಚ್ಚಾಗಿದೆ ಅನ್ನಿ.

ಆ ಅಂಕಿ ಅಚ್ಚಾದ ಹಾಗೇ ಇದ್ದರೆ ಯಾರೂ ಹಡಗು ಹತ್ತಬೇಕಿರಲಿಲ್ಲ. ಅದು ಎಲ್ಲಿ ತಪ್ಪುತ್ತದೆ ಅನ್ನುವುದೇ ವಿಷಯ, ಅರಬ್ಬಿ ಸಮುದ್ರದಲ್ಲಿ ತಪ್ಪುತ್ತದೆ. ಅಲ್ಲಿ ಸುಮಾರು 150 ಮೀಟರಿನಿಂದ ಕೆಳಕ್ಕೆ ನೂರಾರು ಮೀಟರ್ ದಪ್ಪದ ಪದರವೊಂದರಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. 1933-34ರಲ್ಲಿ ‘ಮಬಾಹಿಸ್’ ಎಂಬ ಈಜಿಪ್ಟಿನ ಹಡಗು ಜಾನ್ ಮರ್ರೆ ಯಾತ್ರೆಗೆ ಬಂದಾಗಲೇ ಈ ಉಸಿರಿಲ್ಲದ ನೀರಿನ ಸುಳಿವು ಸಿಕ್ಕಿತ್ತು. ಉಸಿರಿಗೆ ಆಮ್ಲಜನಕ ಸಿಗದ ಬ್ಯಾಕ್ಟೀರಿಯಾಗಳು ನೈಟ್ರೇಟನ್ನೇ ಉಸಿರಾಡತೊಡಗುತ್ತವೆ. ನೈಟ್ರೇಟ್ ಮೊದಲು ನೈಟ್ರೈಟ್ ಆಗಿ, ಕೊನೆಗೆ ಬರೀ ಸಾರಜನಕ ಅನಿಲವಾಗಿ ಬೇಸಾಯದ ಲೆಕ್ಕದಿಂದಲೇ ಆಚೆ ಹೋಗುತ್ತದೆ. ಗದ್ದೆಯಲ್ಲಿ ನೀರು ನಿಲ್ಲಿಸಿ ಯೂರಿಯಾ ಎರಚಿದಾಗ ಅರ್ಧ ಗಾಳಿಗೆ ಹೋಯಿತು ಅಂತ ರೈತರು ಕೈ ಹಿಸುಕಿಕೊಳ್ಳುವುದುಂಟು. ಆ ನಷ್ಟದಲ್ಲೂ ಇದೇ ಬ್ಯಾಕ್ಟೀರಿಯಾಗಳ ಪಾಲಿದೆ. ನಡುಗಡಲಿನಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ನಡೆಯುವ ತಾಣ ಜಗತ್ತಿನಲ್ಲಿ ಮೂರೇ ಮೂರು. ಎರಡು ಶಾಂತಸಾಗರದ ಪೂರ್ವದಲ್ಲಿವೆ, ಮೂರನೆಯದು ನಮ್ಮ ಪಡುವಣ ಕಡಲು. 2000ದಲ್ಲಿ ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು, ಮುಂಗಾರು ಮುಗಿಯುವ ಹೊತ್ತಿಗೆ ಕರಾವಳಿಗೆ ಅಂಟಿಕೊಂಡ ಕಡಿಮೆ ಆಳದ ನೀರೂ ಹೀಗೆ ಉಸಿರು ಕಳೆದುಕೊಳ್ಳುತ್ತಿದೆ, ಅಲ್ಲಿ ನೈಟ್ರಸ್ ಆಕ್ಸೈಡ್ ಹೆಚ್ಚುತ್ತಿದೆ ಎಂದು ತೋರಿಸಿದರು. ಈ ಕಥೆಯ ದೊಡ್ಡ ಪಾಲು ಹೊರಬಂದದ್ದು ಗಾಜಿನ ಕೊಳವೆಯ ಗುಲಾಬಿ ಬಣ್ಣದಿಂದ. ಮುನ್ನೂರು ಮೀಟರ್ ಆಳದಲ್ಲಿ ಇರಬಾರದ ನೈಟ್ರೈಟ್ ಕಂಡಿತು, ಇರಬೇಕಾದ ನೈಟ್ರೇಟಿನಲ್ಲಿ ಒಂದು ಪಾಲು ಕಾಣೆಯಾಗಿತ್ತು.

ಹತ್ತು ಕಾಳನ್ನು ತಪ್ಪಿಲ್ಲದೆ ಎಣಿಸುವುದು ಹೇಗೆ ಅನ್ನುವುದು ನನಗೆ ಇದಕ್ಕಿಂತ ಹೆಚ್ಚು ರುಚಿಸುವ ಕಥೆ. ಅದರಲ್ಲಿ ಮಡಿ ಇದೆ. ಹಡಗಿನ ಪಕ್ಕದಿಂದ ಹನ್ನೆರಡೋ ಇಪ್ಪತ್ನಾಲ್ಕೋ ಉದ್ದನೆಯ ಕೊಳವೆ ಪಾತ್ರೆಗಳನ್ನು ಚಕ್ರದಂತೆ ಕಟ್ಟಿ ಇಳಿಸುತ್ತಾರೆ. ಬಾಯಿ ತೆರೆದುಕೊಂಡೇ ತಳದವರೆಗೆ ಇಳಿದ ಪಾತ್ರೆಗಳನ್ನು ಮೇಲೆ ಎಳೆಯುವಾಗ ಗೊತ್ತಾದ ಆಳದಲ್ಲಿ ಒಂದೊಂದಾಗಿ ಮುಚ್ಚುತ್ತಾ ಬರುತ್ತಾರೆ. ಡೆಕ್ಕಿನ ಮೇಲೆ ಬಂದ ಕೂಡಲೇ ಎಲ್ಲರೂ ನುಗ್ಗುವಂತಿಲ್ಲ, ಪಂಕ್ತಿಗೆ ಸರದಿ ಇದೆ. ಗಾಳಿ ಸೋಕಿದರೆ ಕೆಡುವ ಆಮ್ಲಜನಕದವರು ಮೊದಲು, ಪೋಷಕಾಂಶದವರು ಆಮೇಲೆ, ಉಪ್ಪಿನವರು ಕೊನೆಗೆ. ಸೀಸೆಯನ್ನು ಅದೇ ನೀರಿನಿಂದ ಮೂರು ಸಲ ಗಲಬರಿಸಿ ಚೆಲ್ಲಿ ನಾಲ್ಕನೆಯ ಸಲ ತುಂಬಬೇಕು. ಬರಿಗೈ ಸೋಕಬಾರದು, ಬೆವರಿನಲ್ಲಿ ಇರುವುದೂ ಅದೇ ಸಾರಜನಕ. ಹತ್ತಿರದಲ್ಲಿ ಯಾರೂ ಬೀಡಿ ಸಿಗರೇಟು ಸೇದಬಾರದು, ಹೊಗೆಯ ಅಮೋನಿಯಾ ನೀರಿಗೆ ಇಳಿಯುತ್ತದೆ. ಸಿಲಿಕೇಟ್ ಅಳೆಯಲು ಗಾಜಿನ ಪಾತ್ರೆ ನಿಷಿದ್ಧ: ಗಾಜೇ ಕರಗಿ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಫಾಸ್ಫೇಟಿನ ಬಣ್ಣ ನೀಲಿ. 1962ರಲ್ಲಿ ಮರ್ಫಿ ಮತ್ತು ರೈಲಿ ಬರೆದಿಟ್ಟ ಆ ವಿಧಾನದಲ್ಲಿ ಬಳಸುವ ಆಸ್ಕಾರ್ಬಿಕ್ ಆಮ್ಲ ಎಂದರೆ ನಿಂಬೆಹಣ್ಣಿನ ಸಿ ಜೀವಸತ್ವವೇ. ಅಲ್ಲೇ ಅಳೆಯಲಾಗದಿದ್ದರೆ ನೀರನ್ನು ಹೆಪ್ಪುಗಟ್ಟಿಸಿ ದಡಕ್ಕೆ ತರಬಹುದು. ಆದರೆ ಹೆಪ್ಪಿನಲ್ಲಿ ಸಿಲಿಕೇಟ್ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂರುತ್ತದೆ. ಕರಗಿಸಿದ ಮೇಲೆ ಅದು ಬಿಡಿಸಿಕೊಳ್ಳುವ ತನಕ ಗಂಟೆಗಟ್ಟಲೆ ಕಾಯಬೇಕು. ಅವಸರಪಟ್ಟರೆ ಅಂಕಿ ಕಡಿಮೆ ಬರುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಸೊನ್ನೆ. ಏನೂ ಇಲ್ಲದ ನೀರು ಎಷ್ಟು ಬಣ್ಣ ತೋರುತ್ತದೆ ಅಂತ ತಿಳಿಯದೆ, ಸ್ವಲ್ಪ ಇರುವ ನೀರಿನ ಬಣ್ಣ ಓದುವುದು ಹೇಗೆ? ಆದರೆ ಏನೂ ಇಲ್ಲದ ಕಡಲ ನೀರು ಎಲ್ಲಿ ಸಿಗಬೇಕು? ಪೋಷಕಾಂಶ ತೀರಿದ ಮೇಲ್ನೀರನ್ನು ಶೇಖರಿಸಿ, ಸೋಸಿ, ತಿಂಗಳುಗಟ್ಟಲೆ ಇಟ್ಟು ‘ಹಳೆಯ ನೀರು’ ಮಾಡಿಕೊಳ್ಳುತ್ತಾರೆ. ಮನೆಯಲ್ಲಿ ಹುಣಸೆ ಹಳತು ಮಾಡಿಟ್ಟುಕೊಳ್ಳುವ ಹಾಗೆ. ಅದರ ಮೇಲೆ ಇನ್ನೊಂದು ಕಟ್ಟುಪಾಡು. ಎರಡು ದೇಶದ ಎರಡು ಹಡಗು ಹತ್ತು ವರ್ಷದ ಅಂತರದಲ್ಲಿ ಒಂದೇ ಜಾಗದ ತಳದ ನೀರನ್ನು ಅಳೆದರೆ, ಅಂಕಿಗಳ ನಡುವೆ ನೂರಕ್ಕೆ ಒಂದೆರಡಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ತಳದ ನೀರು ಅಷ್ಟು ಬೇಗ ಬದಲಾಗುವುದಿಲ್ಲ, ಆದ್ದರಿಂದ ಬದಲಾಗಿದ್ದು ಕಂಡರೆ ಬಹುಮಟ್ಟಿಗೆ ತಪ್ಪು ಅಳೆದವರದ್ದೇ. ಇದನ್ನು ಪರೀಕ್ಷಿಸಲು ಪೋಷಕಾಂಶ ಎಷ್ಟಿದೆಯೆಂದು ಮೊದಲೇ ದೃಢಪಡಿಸಿದ ಕಡಲ ನೀರನ್ನು ಜಪಾನಿನಲ್ಲಿ ಸೀಸೆಗೆ ತುಂಬಿ ಮಾರುತ್ತಾರೆ. ಅಂಗಡಿಯವನ ತಕ್ಕಡಿಗೆ ಅಳತೆ ಇಲಾಖೆಯವರು ತರುವ ಮೊಹರಿನ ಬಟ್ಟು ಇದ್ದ ಹಾಗೆ.

ಈಗ ಅರಳಿಕಟ್ಟೆಗೆ ವಾಪಸ್ಸು ಬರುತ್ತೇನೆ. ನಮ್ಮ ನೆಲದಲ್ಲಿ ಎಣಿಸಬೇಕಾದ್ದು ಹತ್ತು ಕಾಳಲ್ಲ, ಸೇರುಗಟ್ಟಲೆ. ಬೋರ್‌ವೆಲ್ ನೀರಿಗೆ ನೈಟ್ರೇಟ್ ಬರುವುದು ಹೊಲಕ್ಕೆ ಎರಚಿದ ಯೂರಿಯಾ, ಡಿಎಪಿಯಿಂದ, ಮನೆ ಪಕ್ಕದ ತಿಪ್ಪೆಯಿಂದ, ತಳ ಕಟ್ಟದ ಪಾಯಿಖಾನೆ ಗುಂಡಿಯಿಂದ. 1945ರಲ್ಲಿ ಅಮೆರಿಕದ ಅಯೋವಾದಲ್ಲಿ ಹಂಟರ್ ಕಾಮ್ಲಿ ಎಂಬ ವೈದ್ಯ, ಬಾವಿ ನೀರಿನಲ್ಲಿ ಕಲಸಿದ ಹಾಲು ಕುಡಿದ ಹಸುಗೂಸುಗಳು ನೀಲಿಗಟ್ಟುವುದಕ್ಕೆ ನೈಟ್ರೇಟೇ ಕಾರಣವೆಂದು ವರದಿ ಮಾಡಿದ. ಇವತ್ತಿನ ಮಿತಿಗಳಿಗೆ ಅಡಿಪಾಯ ಆ ನೀಲಿ ಕೂಸುಗಳು.

ಪಾವಗಡದ ಕಡೆಗೆ ಹೋದರೆ ಫ್ಲೋರೈಡಿನ ಕಥೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದ ಕಡೆ 1.5ರ ತನಕ ನಡೆಯುತ್ತದೆ. ಕಡಲ ನೀರಿನಲ್ಲಿ ಫ್ಲೋರೈಡ್ ಎಷ್ಟು ಗೊತ್ತೇ? ಸುಮಾರು 1.3. ಪಾವಗಡದ ಎಷ್ಟೋ ಬೋರ್‌ವೆಲ್ಲುಗಳು 1.5 ದಾಟಿವೆ. ಅಂದರೆ ಸಮುದ್ರ ಕಾಣದ ಸೀಮೆಯ ಜನ ಫ್ಲೋರೈಡಿನ ಮಟ್ಟಿಗೆ ಸಮುದ್ರಕ್ಕಿಂತ ಗಟ್ಟಿ ನೀರು ಕುಡಿದು ಹಲ್ಲಿನ ಮೇಲೆ ಕಂದು ಗೆರೆ, ಕೀಲಿನಲ್ಲಿ ನೋವು ಕಟ್ಟಿಕೊಂಡಿದ್ದಾರೆ. ಇದು ಯಾರೋ ಸುರಿದ ವಿಷವಲ್ಲ. ಮಧುಗಿರಿಯ ಏಕಶಿಲೆ ಬೆಟ್ಟವನ್ನು ನೋಡಿ ಹೆಮ್ಮೆಪಡುತ್ತೇವಲ್ಲ, ಅಂಥದೇ ಕಗ್ಗಲ್ಲು ನೆಲದಡಿಯಲ್ಲೂ ಇದೆ. ಅದರೊಳಗಿನ ಖನಿಜ ಆಳದ ನೀರಿನಲ್ಲಿ ವರ್ಷಗಟ್ಟಲೆ ನೆನೆದು ಬಿಟ್ಟುಕೊಡುವ ಫ್ಲೋರೈಡ್ ಇದು. ಅದೇ ಕಲ್ಲು ಸವೆದು ಬಿಡುವ ಸಿಲಿಕಾ ಮಾತ್ರ ಹೊಳೆ ಸೇರಿ ಕಡಲ ಡಯಾಟಮ್ ಪಾಚಿಗಳಿಗೆ ಗಾಜಿನ ಚಿಪ್ಪು ಕಟ್ಟಿಕೊಡುತ್ತದೆ. ಒಂದೇ ಬಂಡೆ, ಅಲ್ಲಿ ವರ, ಇಲ್ಲಿ ಶಾಪ.

ಹೊಳೆಯ ಮಾತು ಬಂತು. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿಗಳನ್ನು ಹಾಯುವ ಜಯಮಂಗಲಿ ಉತ್ತರ ಪಿನಾಕಿನಿಯನ್ನು ಸೇರಿ ನೆಲ್ಲೂರಿನ ಹತ್ತಿರ ಬಂಗಾಳ ಕೊಲ್ಲಿಗೆ ಬೀಳುತ್ತಾಳೆ. ಬೀಳುತ್ತಾಳೆ ಅನ್ನುವುದು ನಕಾಶೆಯ ಮಾತು. ವರ್ಷಗಟ್ಟಲೆ ಮರಳಷ್ಟೇ ಇದ್ದ ಆ ಪಾತ್ರದಲ್ಲಿ 2022ರ ಮಳೆಗೆ ನೀರು ಹರಿದಾಗ ಜನ ಸೇತುವೆ ಮೇಲೆ ನಿಂತು ಫೋಟೊ ಹಿಡಿದರು. ಆ ನೀರು ಹೋಗುವ ಕೊಲ್ಲಿಯೂ ಹೊಸ್ತಿಲ ಮೇಲೆ ನಿಂತ ಕಡಲು. ಅಲ್ಲೂ ಆಮ್ಲಜನಕ ತಳ ಕಂಡಿದೆ, ನೈಟ್ರೇಟ್ ಉಸಿರಾಡುವ ಬ್ಯಾಕ್ಟೀರಿಯಾಗಳೂ ಕಾದಿವೆ. ಆದರೆ ಅರಬ್ಬಿ ಸಮುದ್ರದಲ್ಲಿ ಆದಂತೆ ನೈಟ್ರೇಟ್ ಅಲ್ಲಿ ದೊಡ್ಡ ಪ್ರಮಾಣದಲ್ಲಿ ಕಾಣೆಯಾಗಿಲ್ಲ. ಲೆಕ್ಕಕ್ಕೂ ಸಿಗದಷ್ಟು ಆಮ್ಲಜನಕದ ಎಳೆ ಇನ್ನೂ ಉಳಿದು ಅದನ್ನು ತಡೆದಿದೆ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಮೇಲಿನಿಂದ ಹೆಚ್ಚು ಗೊಬ್ಬರ ಹರಿದು ಪಾಚಿ ಹೆಚ್ಚಿ ಕೊಳೆತರೆ ಆ ಎಳೆ ಎಷ್ಟು ದಿನ? ಹೊಲಕ್ಕೆ ಎರಚಿ ಮರೆತ ಯೂರಿಯಾ ಅಲ್ಲಿಗೂ ಹೋಗುತ್ತದೆ.

ಸಮುದ್ರದವರ ನಕ್ಷೆ ತಲೆಕೆಳಗಾಗಿ ಇರುತ್ತದೆ. ಮೇಲೆ ಸೊನ್ನೆ, ಕೆಳಕ್ಕೆ ಹೋದಂತೆ ಆಳ ಹೆಚ್ಚುತ್ತದೆ, ಪ್ರತಿ ಆಳಕ್ಕೂ ಒಂದು ಅಂಕಿ. ನಮ್ಮ ಊರುಗಳಲ್ಲೂ ಆಳದ ನೆನಪು ಗಟ್ಟಿ. ‘ನಮ್ಮಪ್ಪನ ಕಾಲಕ್ಕೆ ಅರವತ್ತು ಅಡಿ ಬಾವಿ, ನನ್ನ ಮದುವೆ ವರ್ಷ ಮುನ್ನೂರು ಅಡಿಗೆ ಸಿಕ್ತು, ಈಗ ಸಾವಿರ ಕೊರೆದ್ರೂ ಬರೀ ದೂಳು’ ಅಂತ ಯಾವ ರೈತನಾದರೂ ಕೈಬೆರಳಿನಲ್ಲಿ ಎಣಿಸುತ್ತಾನೆ. ಆ ಅರವತ್ತು ಅಡಿಯ ನೀರು, ಆ ಮುನ್ನೂರು ಅಡಿಯ ನೀರು ಒಳಗೆ ಏನನ್ನು ಕರಗಿಸಿಕೊಂಡಿತ್ತು ಎಂದು ಮನೆಗಳಲ್ಲಿ ಯಾರೂ ಬರೆದಿಟ್ಟಿಲ್ಲ. ‘ಸಿಹಿ ಇತ್ತು, ಬೇಳೆ ಬೇಯ್ತಿತ್ತು’ ಅಷ್ಟೇ. ಯಾವುದೋ ಹಡಗಿನವರು ತೊಂಬತ್ತು ವರ್ಷದ ಹಿಂದೆ ನಡುಗಡಲಿನಲ್ಲಿ ಬರೆದಿಟ್ಟ ಅಂಕಿಗೆ ಇವತ್ತಿನ ಅಂಕಿಯನ್ನು ತಾಳೆ ನೋಡಬಹುದು. ತಾತನ ಬಾವಿಗೆ ತಾಳೆ ನೋಡಲು ಹಾಳೆಯೇ ಇಲ್ಲ.

ಅವತ್ತು ತರಬೇತಿ ಕೊಡಲು ಬಂದಿದ್ದ ಹುಡುಗ ಎಲ್ಲ ಹೇಳಿಕೊಟ್ಟು ರಿಜಿಸ್ಟರು ಮುಂದಿಟ್ಟ. ದಿನಾಂಕ, ಜಾಗ, ನೈಟ್ರೇಟ್, ಫ್ಲೋರೈಡ್, ಗಡಸುತನ, ಕೊನೆಗೆ ಸಹಿ. ಇನ್ನೊಂದು ಬೋರಿನ ನೀರು ಹಾಕಿದ ಕೊಳವೆ ಬಣ್ಣ ತಿರುಗದೆ ತಿಳಿಯಾಗೇ ಉಳಿಯಿತು. ಕುಂಕುಮದ ಮಾತಾಡಿದ್ದಾಕೆ, ‘ಏನೂ ಬರ್ಲಿಲ್ಲ ಅಂದ್ರೆ ಬರ್ಕೊಳೋದು ಬ್ಯಾಡ್ವಾ?’ ಅಂತ ಕೇಳಿದಳು. ಬರೀಬೇಕಕ್ಕಾ, ಅದೂ ಬರೀಬೇಕು ಅಂದ ಹುಡುಗ. ಆಕೆ ಆ ಖಾನೆಯಲ್ಲಿ ದುಂಡಗೆ ಸೊನ್ನೆ ಸುತ್ತಿದಳು. ಆಮೇಲೆ ಪಕ್ಕದವಳನ್ನು ‘ಆ ಬೋರು ಎಷ್ಟಡೀದೇ?’ ಅಂತ ಕೇಳಿ, ಯಾರೂ ಹೇಳದಿದ್ದರೂ, ಖಾನೆಯೇ ಇಲ್ಲದ ಅಂಚಿನಲ್ಲಿ ಒತ್ತಿ ಬರೆದಳು: 840 ಅಡಿ.