ಗಂಟಿಲ್ಲದ ಜೆಲ್‌ಗೆ ಅಂಬಲಿಯ ಉಪಾಯ

ಮನೆಯಲ್ಲೇ ಕೂದಲಿಗೆ, ಮುಖಕ್ಕೆ ಜೆಲ್ ಮಾಡ್ಕೊಳ್ಳೋರು ನಮ್ಮ ಯಲಹಂಕ, ಹೆಬ್ಬಾಳದ ಕಡೆ ಈಗ ಸುಮಾರು ಜನ ಇದ್ದಾರೆ. "ಗ್ವಾರ್ ಗಮ್ ಹಾಕಿದ್ರೆ ಬರೀ ಗಂಟು ಕಣ್ರೀ" ಅನ್ನೋದೇ ದೂರು. ನನ್ನ ಕೇಳಿದ್ರೆ, ಪುಡೀನ ಸೀದಾ ನೀರಿಗೆ ಸುರಿಯೋ ಆತುರದ್ದೇ ತಪ್ಪು.

ರಾಗಿ ಅಂಬಲಿ ಕಾಸೋರಿಗೆ ಇದು ಗೊತ್ತಿರೋದೇ. ಒಣ ಹಿಟ್ಟನ್ನ ಕುದಿಯೋ ನೀರಿಗೆ ಯಾರಾದ್ರೂ ಸುರೀತಾರಾ? ಮೊದಲು ತಣ್ಣೀರಲ್ಲಿ ಕದಡ್ಕೋತೀವಿ. ಗಮ್ಮಿಗೆ ಆ ತಣ್ಣೀರಿನ ಕೆಲಸ ಮಾಡೋದು ಗ್ಲಿಸರಿನ್. ನೀರು ತಗುಲಿದ ತಕ್ಷಣ ಪುಡಿಯ ಹೊರಭಾಗ ಉಬ್ಬಿ ಲೋಳೆಯಾಗುತ್ತೆ, ಒಳಗಿನದು ಒಣಗೇ ಉಳ್ಕೊಳ್ಳುತ್ತೆ, ಅದೇ ಗಂಟು. ಗ್ಲಿಸರಿನ್‌ನಲ್ಲಿ ಪುಡಿ ಉಬ್ಬಲ್ಲ, ಬಿಡಿಬಿಡಿಯಾಗಿರುತ್ತೆ. ತೆಳು ಜೆಲ್‌ಗೆ 100 ಗ್ರಾಂ ನೀರು, ಅರ್ಧ ಗ್ರಾಂ ಪುಡಿ, 4-5 ಗ್ರಾಂ ಗ್ಲಿಸರಿನ್ ಸಾಕು. ಪುಡಿ, ಗ್ಲಿಸರಿನ್ ಎರಡನ್ನೂ ಕಲಸಿ, ನೀರು ತಿರುವುತ್ತಾ ನಿಧಾನಕ್ಕೆ ಬಿಡಿ. ಅರ್ಧ ಗಂಟೆ ಹಾಗೇ ಇಡಿ. ಮಿಕ್ಸಿ ಬೇಡ, ಗಾಳಿ ಸೇರಿ ಗುಳ್ಳೆ ನಿಲ್ಲುತ್ತೆ. ಕ್ಸಾಂಥನ್ ಗಮ್ಮಿಗೂ ಇದೇ ಕ್ರಮ.

ಗ್ವಾರ್ ಗಮ್ ಅಂದ್ರೆ ಬೇರೇನಲ್ಲ, ನಾವು ಪಲ್ಯ ಮಾಡೋ ಗೋರಿಕಾಯಿಯ ಬೀಜದ್ದು. ಪಲ್ಯ ಹಳಸುತ್ತೆ ಅಂದ್ಮೇಲೆ ಜೆಲ್ಲೂ ಹಳಸುತ್ತೆ ಅಲ್ವಾ? "ನ್ಯಾಚುರಲ್ಲು, ಏನೂ ಆಗಲ್ಲ" ಅಂತ ತಿಂಗಳುಗಟ್ಟಲೆ ಬಾತ್‌ರೂಮಲ್ಲಿಟ್ಟು ಕಣ್ಣ ಹತ್ರ ಹಚ್ಚೋದನ್ನ ನಾನಂತೂ ಒಪ್ಪಲ್ಲ. ವಾಸನೆ ಬರೋಕೆ ಮುಂಚೇನೇ ಕ್ರಿಮಿ ಬೆಳೆದಿರಬಹುದು. ಸರಿಯಾದ ಪ್ರಿಸರ್ವೇಟಿವ್ ಹಾಕಿ. ಅದು ಬೇಡ ಅಂದ್ರೆ ಒಂದು ಬಟ್ಟಲಷ್ಟೇ ಮಾಡಿ, ಫ್ರಿಡ್ಜಲ್ಲಿಟ್ಟು ಮೂರ್ನಾಲ್ಕು ದಿನದಲ್ಲಿ ಮುಗಿಸಿ.